ಸೋಸಿದ ನೀರು, ಕುದಿಸಿದ ನೀರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಈ ಶಾಲೆಯಿಂದ ಪಡೆದುದರಲ್ಲಿ ಇಂದಿಗೂ ನನ್ನ ನಿತ್ಯದ ಬಳಕೆಯಲ್ಲಿರುವುದು ಯಾವುದೆಂದು ಯೋಚಿಸಿದೆ. ಕನ್ನಡದ ಅಕ್ಷರಗಳಂತೂ ಸರಿಯೇ. ಅವಿಲ್ಲದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಅಕ್ಷರದ ನಂತರ ನನಗೆ ನೆನಪಾದದ್ದು ಒಂದು ಪಾತ್ರೆ ನೀರು. ಹಳ್ಳದ ನೀರನ್ನು ಕಾಡಿನ ನಡುವೆ ಮೂರು ಕಲ್ಲುಗಳ ಮೇಲಿಟ್ಟು ಕುಡಿಯಲು ಯೋಗ್ಯವಾಗುವಂತೆ ಮಾಡುವ ವಿದ್ಯೆಯನ್ನು ನಾನು ಕಲಿತದ್ದು ಈ ಶಾಲೆಯ ಗೈಡ್ಸ್ ದಳದಲ್ಲಿ. ಕಾಡಿಗೆಂದು ಕಲಿತ ಆ ವಿದ್ಯೆ ಕಾಡಿಗಿಂತ ಹೆಚ್ಚಾಗಿ ಮನೆಯಲ್ಲಿ ಉಪಯೋಗಕ್ಕೆ ಬಂದಿತು. ಅದರ ವೃತ್ತಾಂತವನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನನ್ನ ತಂದೆತಾಯಿಗಳು ಅಂದಿನ ಬಿಜಾಪುರ ಜಿಲ್ಲೆಯವರು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಗೊಂಡ ಬಳಿಕ ಇಲ್ಲಿಯ ಬಂದರು, ಗಣಿ ಮತ್ತು ಕಟ್ಟಡದ ಕೆಲಸಗಳಿಗಾಗಿ ಉತ್ತರ ಕರ್ನಾಟಕದಿಂದ ಬಂದ ಸಹಸ್ರಾರು ಕುಟುಂಬಗಳಲ್ಲಿ ನಮ್ಮದೂ ಒಂದು. ಅಪ್ಪ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದರು. ವಾಸ್ಕೋದಲ್ಲಿ ನಾವಿದ್ದ ಸಾಲುಮನೆಗಳಿಗೆಲ್ಲ ಸೇರಿ ಇದ್ದದ್ದು ಒಂದೇ ನಲ್ಲಿ. ನೀರು ಬರುತ್ತಿದ್ದುದು ಬೆಳಗಿನ ಎರಡು ತಾಸು ಮಾತ್ರ. ಅವ್ವ ತನ್ನ ಹಳೆಯ ಸೀರೆಯ ತುಂಡನ್ನು ನಾಲ್ಕು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ, ಅದರ ಮೂಲಕವೇ ನೀರು ತುಂಬುತ್ತಿದ್ದಳು. ಎಷ್ಟೇ ಅವಸರವಿರಲಿ, ಹಿಂದೆ ಸರದಿಯಲ್ಲಿ ನಿಂತವರು ಎಷ್ಟೇ ಗೊಣಗಲಿ, ಆ ಬಟ್ಟೆ ಇಲ್ಲದೆ ನಮ್ಮ ಮನೆಗೆ ನೀರು ಬಂದದ್ದಿಲ್ಲ.

ಈ ನಿಷ್ಠೆಗೆ ಕಾರಣ ಅಪ್ಪನ ಎಡಗಾಲಿನಲ್ಲಿತ್ತು. ಮೀನಖಂಡದ ಕೆಳಗೆ ರೂಪಾಯಿಯಗಲದ ಒಂದು ಕಲೆ. ಅದು ನಾರುಹುಣ್ಣಿನ ಗುರುತು. ಊರಿನಲ್ಲಿದ್ದಾಗ ಮೆಟ್ಟಿಲು ಬಾವಿಯ ನೀರು ಕುಡಿದು ಬಂದ ಬೇನೆ. ಸುಗ್ಗಿಯ ಕಾಲದಲ್ಲಿ ಎರಡು ತಿಂಗಳು ಹಾಸಿಗೆ ಹಿಡಿಸಿತಂತೆ. ಇಂದಿನ ಮಕ್ಕಳಿಗೆ ಆ ರೋಗದ ಹೆಸರೂ ತಿಳಿಯದಾದ್ದರಿಂದ ಎರಡು ಮಾತು ಹೇಳುವುದು ಉಚಿತ. ನಾರುಹುಳದ ಮರಿಗಳು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಚಿಕ್ಕ ಜೀವಿಯ ಹೊಟ್ಟೆಯಲ್ಲಿರುತ್ತವೆ. ಆ ನೀರನ್ನು ಕುಡಿದವನ ದೇಹದಲ್ಲಿ ಹುಳು ಸುಮಾರು ಒಂದು ವರ್ಷ ಗುಟ್ಟಾಗಿ ಬೆಳೆದು, ಒಂದು ಮೀಟರಿನವರೆಗೂ ಉದ್ದವಾಗಿ, ಕಾಲಿನ ಚರ್ಮವನ್ನು ಒಡೆದು ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಕೆಲವೇ ಅಂಗುಲದಂತೆ, ಹರಿಯದ ಹಾಗೆ ಎಳೆಯಬೇಕು. ಉರಿ ತಾಳಲಾರದೆ ರೋಗಿ ಕಾಲನ್ನು ಬಾವಿಯ ನೀರಿನಲ್ಲಿ ಇಳಿಬಿಟ್ಟರೆ ಹುಳು ಮತ್ತೆ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಹೀಗೆ ಒಂದು ಬಾವಿಯಿಂದ ಒಂದು ಊರೇ ಕುಂಟುತ್ತಿತ್ತು. ಈ ರೋಗಕ್ಕೆ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ಬಟ್ಟೆಯಲ್ಲಿ ಉಳಿಯುತ್ತದೆ. ಅಷ್ಟೇ ಅದಕ್ಕೆ ಮದ್ದು. ಅವ್ವನ ಬಟ್ಟೆ ಹೀಗೆ ಅನುಭವದಿಂದ ಬಂದದ್ದು.

ಆದರೆ ನಾನು ಆರನೆಯ ತರಗತಿಯಲ್ಲಿದ್ದಾಗ, 1983ರ ಮಳೆಗಾಲದಲ್ಲಿ, ನಮ್ಮ ಸಾಲಿನಲ್ಲೇ ಒಂದು ಸಂಗತಿ ನಡೆಯಿತು. ಪಕ್ಕದ ಮನೆಯ ಒಂಬತ್ತು ತಿಂಗಳ ಕೂಸು ವಾಂತಿಭೇದಿಯಾಗಿ ಎರಡೇ ದಿನದಲ್ಲಿ ತೀರಿಕೊಂಡಿತು. ಅದಕ್ಕೆ ದೃಷ್ಟಿಯಾಯಿತೆಂದು ಕೆಲವರು, ಹಲ್ಲು ಬರುವ ಕಾಲವೆಂದು ಕೆಲವರು ಹೇಳಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೊಂದು ವಿಷಯ. ಆ ತಾಯಿ ನೀರು ಸೋಸುವುದನ್ನು ನನ್ನ ಅವ್ವನಿಂದಲೇ ಕಲಿತಿದ್ದಳು. ಕೂಸು ಹೋದ ದಿನವೂ ಅವರ ಮನೆಯ ಕೊಡದ ಬಾಯಿಗೆ ನಾಲ್ಕು ಪದರಿನ ಬಟ್ಟೆ ಕಟ್ಟಿತ್ತು. ಸೋಸಿದ ನೀರು ಕುಡಿದರೂ ಹೀಗೇಕಾಯಿತೆಂಬ ಪ್ರಶ್ನೆಗೆ ಸಾಲಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು 1985ರ ಜನವರಿಯಲ್ಲಿ, ಮೋಲೆಂ ಶಿಬಿರದಲ್ಲಿ. ನಮ್ಮ ಗೈಡ್ಸ್ ದಳವನ್ನು ನೋಡಿಕೊಳ್ಳುತ್ತಿದ್ದ ಅಕ್ಕೋರು ಧಾರವಾಡದ ಕಡೆಯವರು. ಭಾರತದಲ್ಲಿ ಸ್ಕೌಟ್ ಚಳವಳಿ 1909ರಲ್ಲಿ ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲಿ ಎಂಬುದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ದ್ವಿತೀಯ ಸೋಪಾನದ ಪರೀಕ್ಷೆಗೆ ಬೇಕಾದ ಗಂಟುಗಳು, ದಿಕ್ಸೂಚಿ, ಪ್ರಥಮ ಚಿಕಿತ್ಸೆಗಳನ್ನು ಶಾಲೆಯ ಅಂಗಳದಲ್ಲಿ ಕಲಿಸಿದರೂ, ಒಲೆ ಮತ್ತು ನೀರಿನ ಪಾಠವನ್ನು ಕಾಡಿನಲ್ಲಿಯೇ ಕಲಿಯಬೇಕೆಂಬುದು ಅವರ ಅಭಿಪ್ರಾಯ. ಅರಣ್ಯ ಇಲಾಖೆಯ ಅನುಮತಿ ಪಡೆದು, ವಾಸ್ಕೋದಿಂದ ಮೀಟರ್ ಗೇಜ್ ಗಾಡಿಯಲ್ಲಿ ಮಡಗಾಂವ, ಸಾವರ್ಡೆಗಳನ್ನು ದಾಟಿ ಕುಳೆಂನಲ್ಲಿ ಇಳಿದೆವು. ಅಲ್ಲಿಂದ ಮೋಲೆಂಗೆ ನಡೆದು ಹೋಗಿ ಮೂರು ದಿನ ತಂಗಿದೆವು. ಸ್ಕೌಟ್ ದಳದ ಹುಡುಗರೂ ಅವರ ಮಾಸ್ತರರೂ ಜೊತೆಗಿದ್ದರು.

ಮೊದಲ ಪಾಠ ಬೆಂಕಿಯದು. ಎರಡೇ ಕಡ್ಡಿಗಳಲ್ಲಿ ಒಲೆ ಹೊತ್ತಿಸಬೇಕೆಂಬುದು ಪರೀಕ್ಷೆಯ ನಿಯಮ. ಹುಡುಗರು ನೆಲದ ಮೇಲೆ ಬಿದ್ದ ದಪ್ಪ ಕೊಂಬೆಗಳನ್ನು ಹೊತ್ತು ತಂದು ರಾಶಿ ಹಾಕಿದರು. ನೆಲಕ್ಕೆ ಬಿದ್ದ ಕಟ್ಟಿಗೆ ಇಬ್ಬನಿಯನ್ನು ಹೀರಿರುತ್ತದೆ, ಒಣಗಿ ಮರದಲ್ಲೇ ಅಥವಾ ಪೊದೆಯ ಮೇಲೆ ಸಿಕ್ಕಿಕೊಂಡ ಕಡ್ಡಿಯೇ ಉರಿಯುತ್ತದೆ, ಮುರಿದಾಗ ಟಕ್ಕೆಂದು ಸದ್ದು ಬರಬೇಕು ಎಂದು ಅಕ್ಕೋರು ವಿವರಿಸಿದರು. ಮೊದಲು ತೆಂಗಿನ ಜುಂಗು, ಅದರ ಮೇಲೆ ಬೆಂಕಿಕಡ್ಡಿಯ ಗಾತ್ರದ ಪುಳ್ಳೆಗಳು, ನಂತರ ಬೆರಳಿನ ಗಾತ್ರದವು, ಕೊನೆಗೆ ಮಣಿಕಟ್ಟಿನ ಗಾತ್ರದವು. ಗಾಳಿ ಬರುವ ದಿಕ್ಕಿಗೆ ಒಲೆಯ ಬಾಯಿ. ಸುತ್ತ ನಾಲ್ಕು ಮಾರು ತರಗೆಲೆ ಗುಡಿಸಿರಬೇಕು, ಪಕ್ಕದಲ್ಲಿ ಒಂದು ಬಕೆಟ್ ನೀರಿರಬೇಕು. ಕಣಗಿಲು, ಕಾಸರಕಗಳ ಕಡ್ಡಿಗಳಿಂದ ಪಾತ್ರೆಯನ್ನು ಕಲಕಬಾರದು, ಅವು ವಿಷ. ಬೆಳಗಾದರೆ ಮನೆಯಲ್ಲಿ ರೊಟ್ಟಿಯ ಒಲೆ ಹೊತ್ತಿಸುತ್ತಿದ್ದ ನಾವು ಹುಡುಗಿಯರು ಒಂದೇ ಕಡ್ಡಿಯಲ್ಲಿ ಕೆಲಸ ಮುಗಿಸಿದೆವು. ಹುಡುಗರ ಗುಂಪು ಅರ್ಧ ಪೆಟ್ಟಿಗೆ ಖಾಲಿ ಮಾಡಿತು. ಆ ದಿನ ಅವರಿಗೆ ಚಹಾ ದೊರೆತದ್ದು ನಮ್ಮ ಒಲೆಯಿಂದಲೇ!

ಎರಡನೆಯ ದಿನ ರೈಲಿನಲ್ಲಿ ದೂಧ್‌ಸಾಗರಕ್ಕೆ ಹೋದೆವು. ಸುಮಾರು 310 ಮೀಟರ್ ಎತ್ತರದಿಂದ ಹಾಲಿನ ಹಾಗೆ ಇಳಿಯುವ ಆ ಜಲಪಾತವನ್ನು ಓದುಗರಲ್ಲಿ ಬಹುಮಂದಿ ಕಂಡಿರುತ್ತೀರಿ. ಕೆಳಗಿನ ಹೊಂಡದಲ್ಲಿ ನೀರು ಎಷ್ಟು ತಿಳಿಯಾಗಿತ್ತೆಂದರೆ, ತಳದ ಉರುಟುಕಲ್ಲುಗಳನ್ನು ಎಣಿಸಬಹುದಿತ್ತು. ಬಿಸಿಲಿನಲ್ಲಿ ನಡೆದು ಬಂದಿದ್ದ ನಮಗೆ ಗಂಟಲು ಒಣಗಿತ್ತು. ಒಬ್ಬ ಹುಡುಗ ಬೊಗಸೆಯೊಡ್ಡಿ ಬಗ್ಗಿದ. ಅಕ್ಕೋರು ಅವನ ಭುಜ ಹಿಡಿದು ನಿಲ್ಲಿಸಿ, ಏನೂ ಹೇಳದೆ ಮೇಲಕ್ಕೆ ಕೈ ತೋರಿಸಿದರು. ಜಲಪಾತದ ನಡುಮಧ್ಯದಲ್ಲಿ ಹಾಯ್ದ ಸೇತುವೆಯ ಮೇಲೆ ಒಂದು ಗಾಡಿ ನಿಧಾನವಾಗಿ ಏರುತ್ತಿತ್ತು. ಆ ಕಾಲದ ರೈಲಿನ ಶೌಚಾಲಯಗಳು ನೇರವಾಗಿ ಹಳಿಯ ಮೇಲೆ ತೆರೆದುಕೊಳ್ಳುತ್ತಿದ್ದವು. ಹುಡುಗ ಬೊಗಸೆ ಬಿಟ್ಟು ಎದ್ದ. “ತಿಳಿ ನೀರು ಅಂದ್ರ ಶುದ್ಧ ನೀರಲ್ಲ, ಮಕ್ಕಳ್ರ್ಯಾ. ಕಣ್ಣು ಕೊಳೀನ ಮಾತ್ರ ನೋಡತದ, ರೋಗಾ ನೋಡಂಗಿಲ್ಲ” ಎಂದರು ಅಕ್ಕೋರು. ಈಗ ಗಾಡಿಗಳಿಗೆ ಜೈವಿಕ ಶೌಚಾಲಯಗಳು ಬಂದಿವೆ. ಆದರೆ ಮೇಲೆ ದನಕರುಗಳಿವೆ, ಕಾಡುಪ್ರಾಣಿಗಳಿವೆ, ಮನುಷ್ಯರಿದ್ದಾರೆ. ಆದ್ದರಿಂದ ಆ ಮಾತು ಇಂದಿಗೂ ನಿಜ.

ಆ ಸಂಜೆ ಶಿಬಿರದಲ್ಲಿ ಹಳ್ಳದ ನೀರಿನ ಪಾಠ ನಡೆಯಿತು. ನೀರನ್ನು ಹರಿಯುವ ಕಡೆಯಿಂದ, ನಾವು ಸ್ನಾನಮಾಡಿ ಪಾತ್ರೆ ತೊಳೆಯುವ ಜಾಗಕ್ಕಿಂತ ಮೇಲಿನಿಂದ ತರಬೇಕು. ಕದಡಿದ್ದರೆ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಕೆಸರು ತಳಕ್ಕಿಳಿಯಲು ಬಿಡಬೇಕು. ಪಟಿಕದ ತುಂಡನ್ನು ನೀರಿನಲ್ಲಿ ಕೆಲವು ಸುತ್ತು ತಿರುಗಿಸಿದರೆ ಕೆಸರು ಬೇಗ ಕೂಡಿಕೊಂಡು ಇಳಿಯುತ್ತದೆ. ಹಳ್ಳಿಗಳಲ್ಲಿ ಇದೇ ಕೆಲಸಕ್ಕೆ ಚಿಲ್ಲದ ಬೀಜ, ನುಗ್ಗೆಯ ಬೀಜಗಳನ್ನು ತೇಯ್ದು ಬಳಸುವುದುಂಟು. ತಿಳಿಯನ್ನು ನಾಲ್ಕು ಪದರಿನ ಬಟ್ಟೆಯಲ್ಲಿ ಸೋಸಬೇಕು. ಇಲ್ಲಿಯವರೆಗೆ ಎಲ್ಲವೂ ನನ್ನ ಅವ್ವನ ವಿದ್ಯೆಯೇ. ಮುಂದಿನದು ಮಾತ್ರ ನನಗೆ ಹೊಸದು. ಪಾತ್ರೆಯನ್ನು ಒಲೆಯ ಮೇಲಿಟ್ಟು, ತಳದಲ್ಲಿ ಸಣ್ಣ ಗುಳ್ಳೆ ಕಂಡೊಡನೆ ಇಳಿಸದೆ, ನೀರೆಲ್ಲ ಕೊತಕೊತನೆ ಹೊರಳುವವರೆಗೆ ಕಾಯಬೇಕು. ಹೊರಳತೊಡಗಿದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಬೇಕು. ನಮ್ಮ ಬಳಿ ಗಡಿಯಾರವಿರಲಿಲ್ಲವಾದ್ದರಿಂದ, ಹದಿನೇಳರ ಮಗ್ಗಿಯನ್ನು ನಿಧಾನವಾಗಿ ಎರಡು ಬಾರಿ ಹೇಳುವುದೇ ಅಕ್ಕೋರು ಗೊತ್ತುಮಾಡಿದ ಅಳತೆ. ಬಾಯಾರಿದ ಮೂವತ್ತು ಮಕ್ಕಳು ಒಲೆಯ ಸುತ್ತ ನಿಂತು ಹದಿನೇಳರ ಮಗ್ಗಿ ಹೇಳಿದ ದೃಶ್ಯವನ್ನು ಸಹಪಾಠಿಗಳು ಮರೆತಿರಲಾರರು. ಮುಚ್ಚಿಟ್ಟು ಆರಿಸಿದ ಮೇಲೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಸಲ ಎತ್ತಿ ಸುರಿದರೆ ಗಾಳಿ ಬೆರೆತು, ಕುದಿಸಿದ ನೀರಿನ ಸಪ್ಪೆತನ ಕಡಿಮೆಯಾಗುತ್ತದೆ ಎಂಬುದನ್ನೂ ಅಂದೇ ಕಲಿತೆವು.

ನಾನು ಆಗ ಕೂಸಿನ ವಿಷಯ ಕೇಳಿದೆ. ಬಟ್ಟೆ ಕಟ್ಟಿದ ಮನೆಯಲ್ಲಿ ಹೀಗೇಕಾಯಿತು? ಅಕ್ಕೋರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಟ್ಟಿ ಹುಳಾ ಹಿಡೀತದವಾ. ವಾಂತಿಭೇದಿ ತರೋ ಜೀವಾ ಅದಕಿಂತ ಎಷ್ಟೋ ಸಣ್ಣದು, ಬಟ್ಟಿಯೊಳಗಿಂದ ದಾಟಿ ಹೋಗತದ. ಅದನ್ನ ಬೆಂಕೀನ ಕೊಲ್ಲಬೇಕು. ಆ ತಾಯಿ ತನಗ ಗೊತ್ತಿದ್ದದ್ದನ್ನೆಲ್ಲಾ ಮಾಡ್ಯಾಳ” ಎಂದರು. ಅನಂತರ ಎಲ್ಲರನ್ನೂ ಕರೆದು, ಭೇದಿಯಾದ ಮಗು ಸಾಯುವುದು ದೇಹದ ನೀರು ಮತ್ತು ಲವಣ ಹೋಗುವುದರಿಂದ ಎಂದು ತಿಳಿಸಿದರು. ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುವುದನ್ನು ಪ್ರತಿಯೊಬ್ಬರಿಂದಲೂ ಮಾಡಿಸಿದರು.

ಮನೆಗೆ ಮರಳಿ ಈ ವಿದ್ಯೆಯನ್ನು ಅವ್ವನಿಗೆ ಒಪ್ಪಿಸುವುದು ಒಲೆ ಹೊತ್ತಿಸಿದಷ್ಟು ಸುಲಭವಾಗಲಿಲ್ಲ. “ನಾಕ ಪದರ ಮಾಡಿ ಸೋಸೀನಿ, ಇನ್ನ ಯಾಕ ಕುದಸೂದು? ಚಿಮಣಿ ಎಣ್ಣಿ ಏನ್ ಪುಕ್ಕಟ ಬರತೈತೇನು?” ಎಂದಳು. ಅವಳ ಮಾತಿನಲ್ಲಿ ಹಟವಿದ್ದಂತೆ ಲೆಕ್ಕವೂ ಇತ್ತು. ರೇಷನ್ ಎಣ್ಣೆ ತಿಂಗಳಿಗೆ ಇಷ್ಟೇ ಎಂದು ಗೊತ್ತಿದ್ದ ಮನೆಯಲ್ಲಿ ಆರು ಜನರ ಕುಡಿಯುವ ನೀರನ್ನು ಕುದಿಸುವುದು ಸಣ್ಣ ಖರ್ಚಲ್ಲ. ಅಪ್ಪ ತನ್ನ ಕಾಲಿನ ಕಲೆಯನ್ನು ಒಮ್ಮೆ ಸವರಿಕೊಂಡು, “ಬಟ್ಟಿ ಕಟ್ಟಬೇಕಂತ ನಮಗ ಹೇಳಿದವರ ಮಾತೂ ಮೊದಲ ನಾವು ನಂಬಿದ್ದಿಲ್ಲ” ಎಂದಷ್ಟೇ ಹೇಳಿದರು. ಕೊನೆಗೆ ಬಂದರಿನಿಂದ ಅಪ್ಪ ತರುತ್ತಿದ್ದ ಒಡಕು ಹಲಗೆಗಳಿಂದ ಸಮಸ್ಯೆ ಬಗೆಹರಿಯಿತು. ಸಂಜೆ ರೊಟ್ಟಿ ಬಡಿದಾದ ಮೇಲೆ, ಬಿಸಿಯಾಗಿದ್ದ ಒಲೆಗೆ ಎರಡು ಹಲಗೆ ಸೇರಿಸಿ ಮರುದಿನದ ನೀರನ್ನು ಕುದಿಸಿಡುವ ಪದ್ಧತಿ ಆರಂಭವಾಯಿತು. ಪಾತ್ರೆಯೊಳಗೆ ಕೈ ಅದ್ದದಂತೆ ಉದ್ದ ಹಿಡಿಕೆಯ ಸೌಟೊಂದನ್ನು ಮೊಳೆಗೆ ನೇತುಹಾಕಿದೆವು. ಒಲೆಯ ಮುಂದೆ ಹದಿನೇಳರ ಮಗ್ಗಿ ಹೇಳುವ ಕೆಲಸ ನನ್ನದು. ಅಕ್ಷರ ಬಾರದ ಅವ್ವನಿಗೆ ಆ ಮಗ್ಗಿ ಆರು ತಿಂಗಳಲ್ಲಿ ಬಾಯಿಪಾಠವಾಯಿತು. ನಮ್ಮ ನಂತರ ಸಾಲಿನಲ್ಲಿ ಮೊದಲು ನೀರು ಕುದಿಸತೊಡಗಿದವಳು ಕೂಸನ್ನು ಕಳೆದುಕೊಂಡ ಆ ತಾಯಿ. ಅವಳಿಗೆ ಮುಂದೆ ಇಬ್ಬರು ಮಕ್ಕಳಾದರು; ಇಬ್ಬರೂ ನಮ್ಮ ಶಾಲೆಯಲ್ಲಿಯೇ ಓದಿದರು.

ಬೆಳೆದ ಮೇಲೆ ಓದಿನಿಂದ ತಿಳಿದ ಕೆಲವು ಸಂಗತಿಗಳು ಅಕ್ಕೋರ ಮಾತನ್ನೂ ಅವ್ವನ ಬಟ್ಟೆಯನ್ನೂ ಒಟ್ಟಿಗೆ ಎತ್ತಿಹಿಡಿದವು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯನ್ನು ನಾಲ್ಕು ಪದರ ಮಾಡಿ ಸೋಸಿದ ನೀರು ಕುಡಿದವರಲ್ಲಿ ಕಾಲರಾ ಶೇಕಡಾ 48ರಷ್ಟು ಇಳಿದಿತ್ತು. ಕಾಲರಾ ರೋಗಾಣುಗಳು ನೀರಿನ ಚಿಕ್ಕ ಜೀವಿಗಳಿಗೆ ಅಂಟಿಕೊಂಡಿರುವುದರಿಂದ ಆ ಜೀವಿಗಳ ಜೊತೆ ಅವೂ ಬಟ್ಟೆಯಲ್ಲಿ ಉಳಿಯುತ್ತವೆ. ಹೊಸ ಬಟ್ಟೆಗಿಂತ ಒಗೆದು ಒಗೆದು ಹಳತಾದ ಸೀರೆಯೇ ಮೇಲು. ಅದರ ನೂಲು ಮೆತ್ತಗಾಗಿ ರಂಧ್ರಗಳು ಕಿರಿದಾಗಿರುತ್ತವೆ. ನಾಲ್ಕು ಪದರ ಮಾಡಿದಾಗ ಆ ರಂಧ್ರ ಒಂದು ಮಿಲಿಮೀಟರಿನ 50ನೆಯ ಒಂದಂಶದಷ್ಟು. ಆದರೆ ಬಿಡಿಯಾಗಿ ತೇಲುವ ಕಾಲರಾ ರೋಗಾಣು ಅದರ ಹತ್ತನೆಯ ಒಂದು ಪಾಲಿನಷ್ಟೇ ಇರುತ್ತದೆ. ಬಟ್ಟೆ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ಬೆಂಕಿಯ ಪಾಲು. ಅವ್ವನ ಬಟ್ಟೆ ಮೂಢನಂಬಿಕೆಯಾಗಿರಲಿಲ್ಲ, ಸಾಕಷ್ಟೂ ಆಗಿರಲಿಲ್ಲ.

ಆದರೆ ನಾರುಹುಣ್ಣಿನ ಮಟ್ಟಿಗೆ ಬಟ್ಟೆಯೇ ಗೆದ್ದಿತು. ಅದರ ನಿರ್ಮೂಲನೆಗಾಗಿ ರಾಷ್ಟ್ರೀಯ ಕಾರ್ಯಕ್ರಮ 1983-84ರಲ್ಲಿ ಆರಂಭವಾದಾಗ ಕರ್ನಾಟಕವೂ ಆ ರೋಗವಿದ್ದ ರಾಜ್ಯಗಳಲ್ಲೊಂದು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿ, ಕೈಪಂಪುಗಳನ್ನು ಹಾಕಿಸಿ, ಮನೆಮನೆಗೆ ಸೋಸುವ ಬಟ್ಟೆ ಹಂಚಿ, ಲಸಿಕೆಯ ನೆರವಿಲ್ಲದೆಯೇ ರೋಗವನ್ನು ಅಟ್ಟಲಾಯಿತು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಘೋಷಿಸಿತು. ಆ ಸುದ್ದಿಯನ್ನು ಅಪ್ಪನಿಗೆ ಪತ್ರಿಕೆಯಿಂದ ಓದಿ ಹೇಳುವ ಭಾಗ್ಯ ನನ್ನದಾಯಿತು. ಆ ಪತ್ರಿಕೆ ಕನ್ನಡದ್ದಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಚಾರಣಕ್ಕೆ ಹೋಗುವ ಇಂದಿನ ತರುಣರಿಗಾಗಿ ಇನ್ನು ಕೆಲವು ಮಾತು. ಒಂದು ನಿಮಿಷದ ಕುದಿ ನಮ್ಮ ಭಾಗಕ್ಕೆಲ್ಲ ಸಾಕು. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಯಲ್ಲಿಯೇ ಕುದಿಯುವುದರಿಂದ 2,000 ಮೀಟರಿಗಿಂತ ಮೇಲೆ ಮೂರು ನಿಮಿಷ ಬೇಕು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಅದಕ್ಕಿಂತ ಕೆಳಗೇ ಇದೆ. ಬೆಂಕಿಗೆ ಅವಕಾಶವಿಲ್ಲದಿದ್ದರೆ, ನೀರನ್ನು ಮೊದಲು ಸೋಸಿ, ಕ್ಲೋರಿನ್ ಗುಳಿಗೆಯನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದಂತೆ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಡಬೇಕು. ಸೋಸದ ಕೆಸರು ನೀರಿನಲ್ಲಿ ಕ್ಲೋರಿನ್ ಕೆಸರಿಗೇ ವ್ಯಯವಾಗಿ ಹೋಗುತ್ತದೆ. ಅದೂ ಇಲ್ಲದಿದ್ದರೆ, ತಿಳಿನೀರನ್ನು ಪಾರದರ್ಶಕ ಬಾಟಲಿಯಲ್ಲಿ ತುಂಬಿ ಆರು ಗಂಟೆ, ಮೋಡವಿದ್ದರೆ ಎರಡು ದಿನ, ಬಿಸಿಲಿನಲ್ಲಿ ಮಲಗಿಸಿಟ್ಟರೆ ಬಹುಮಟ್ಟಿಗೆ ರೋಗಾಣುಗಳು ಸಾಯುತ್ತವೆ. ಆದರೆ ಕುದಿಸುವುದರಿಂದ ನೀರಿನಲ್ಲಿ ಕರಗಿದ ರಾಸಾಯನಿಕಗಳು ಹೋಗುವುದಿಲ್ಲ. ಗಣಿಯ ಹೊಂಡಗಳ ನೀರನ್ನೂ, ನಮ್ಮ ತವರುಜಿಲ್ಲೆಗಳ ಫ್ಲೋರೈಡ್ ತುಂಬಿದ ಕೊಳವೆಬಾವಿಗಳ ನೀರನ್ನೂ ಎಷ್ಟು ಕುದಿಸಿದರೂ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಫ್ಲೋರೈಡ್ ಸಾಂದ್ರವಾಗುತ್ತದೆ. ಮೋಲೆಂ ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದಾಗಲಿ, ಒಲೆ ಹೂಡುವುದಾಗಲಿ, ರೈಲು ಹಳಿಯ ಮೇಲೆ ನಡೆಯುವುದಾಗಲಿ ಕೂಡದು.

ದೂಧ್‌ಸಾಗರದ ನೀರು ಅಲ್ಲಿಗೇ ನಿಲ್ಲುವುದಿಲ್ಲ. ಘಟ್ಟದ ಮೇಲೆ ಕರ್ನಾಟಕದಲ್ಲಿ ಹುಟ್ಟಿ ಬರುವ ಅದು ಖಾಂಡೇಪಾರ ನದಿಯನ್ನು ಕೂಡಿ, ಓಪಾ ಜಲಶುದ್ಧೀಕರಣ ಕೇಂದ್ರದ ಮೂಲಕ ಪೊಂಡಾ, ಪಣಜಿಗಳ ನಲ್ಲಿಗಳನ್ನು ತಲುಪುತ್ತದೆ. ಕೆಸರು ಇಳಿಸುವುದು, ಸೋಸುವುದು, ರೋಗಾಣುಗಳನ್ನು ಕೊಲ್ಲುವುದು ಎಂಬ ಮೂರು ಕೆಲಸಗಳೇ ಅಂತಹ ಕೇಂದ್ರಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತವೆ. ಘಟ್ಟದ ಮೇಲಿನಿಂದ ಇಳಿದು ಬಂದ ನಮ್ಮಂತಹ ಕುಟುಂಬಗಳು ಆ ನೀರಿನ ದಾರಿಯನ್ನು ಅರಿತಿರುವುದು ಒಳ್ಳೆಯದು.

ಈಗ ನಮ್ಮ ಮನೆಗಳಲ್ಲಿ ನೀರು ಶುದ್ಧಿಮಾಡುವ ಯಂತ್ರಗಳಿವೆ. ಮಕ್ಕಳ ಚೀಲದಲ್ಲಿ ಬಾಟಲಿಗಳಿವೆ. ಆದರೆ ವಿದ್ಯುತ್ತು ಹೋದ ದಿನ, ನೆರೆ ಬಂದ ದಿನ, ಕಾಡಿನಲ್ಲಿ ಬಾಟಲಿ ಬರಿದಾದ ದಿನ ಯಂತ್ರದ ಮಾಲೀಕನಿಗಿಂತ ವಿದ್ಯೆ ಬಲ್ಲವನೇ ನೆರೆಯವರಿಗೆ ಉಪಕಾರಿ. ಆದ್ದರಿಂದ ಆಡಳಿತ ಮಂಡಳಿಯವರಲ್ಲಿಯೂ ಗುರುವೃಂದದವರಲ್ಲಿಯೂ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗಾಗಿ, ಏಳನೆಯ ತರಗತಿ ಮುಗಿಸುವ ಪ್ರತಿಯೊಂದು ಮಗುವೂ ಎರಡು ಕಡ್ಡಿಗಳಲ್ಲಿ ಒಲೆ ಹೊತ್ತಿಸಿ, ಒಂದು ಪಾತ್ರೆ ಹಳ್ಳದ ನೀರನ್ನು ಕುಡಿಯುವ ನೀರಾಗಿ ಮಾಡಿ ತೋರಿಸುವ ಪದ್ಧತಿಯನ್ನು ಆರಂಭಿಸಬೇಕು. ಹುಡುಗರಿಗೆ ರಿಯಾಯಿತಿ ಬೇಡ. ಇದಕ್ಕೆ ಬೇಕಾದ ಪಾತ್ರೆ, ಬಟ್ಟೆ, ಕಟ್ಟಿಗೆಗಳ ವೆಚ್ಚವನ್ನು ನಾವು ಕೆಲವು ಹಳೆಯ ವಿದ್ಯಾರ್ಥಿನಿಯರು ವಹಿಸಿಕೊಳ್ಳಲು ಸಿದ್ಧರಿದ್ದೇವೆ. ಸೋಸುವ ಬಟ್ಟೆಯನ್ನು ಮಾತ್ರ ಮಕ್ಕಳು ತಮ್ಮ ಮನೆಯಿಂದಲೇ ತರಲಿ. ಅದು ಅಜ್ಜಿಯ ಹಳೆಯ ಸೀರೆಯದೇ ಆಗಿರಲಿ.